ನೋಡಿದವನ ಋಣ

ಹೋದ ಚಳಿಗಾಲದಲ್ಲಿ ನಮ್ಮ ಕಡೆಯ ಒಂದು ಕಾಲೇಜಿನವರು ಹಕ್ಕಿಗಳ ಬಗ್ಗೆ ಮಾತಾಡಲು ಕರೆದಿದ್ದರು. ಪರದೆಯ ಮೇಲೆ ಚಿತ್ರ ತೋರಿಸಿದೆ, ಕೂಗು ಕೇಳಿಸಿದೆ, ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಕತೆ ಹೇಳಿದೆ. ಕೊನೆಗೆ ಪ್ರಶ್ನೆ ಕೇಳಿ ಅಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಹಕ್ಕಿ ನೋಡಿದ್ರ ಪಗಾರ ಕೊಡ್ತಾರ್ರೀ?"

ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಆಮೇಲೆ ಇಂಥ ಸಭೆಗಳಲ್ಲಿ ಹೇಳುವ ಉತ್ತರ ಹೇಳಿದೆ. ಪ್ರಾಣಿಶಾಸ್ತ್ರವನ್ನೋ ಅರಣ್ಯಶಾಸ್ತ್ರವನ್ನೋ ಓದಬಹುದು, ಶಿರಸಿಯಲ್ಲೇ ಅರಣ್ಯ ಕಾಲೇಜಿದೆ. ಮುಂದೆ ಬೆಂಗಳೂರಿನಲ್ಲಿ, ಡೆಹ್ರಾಡೂನಿನಲ್ಲಿ ವನ್ಯಜೀವಿ ಅಧ್ಯಯನ ಮಾಡಬಹುದು. ಎರಡು ವರ್ಷದ ಯೋಜನೆ, ಮೂರು ವರ್ಷದ ಯೋಜನೆ ಎಂದು ಕೆಲಸ ಸಿಗುತ್ತದೆ. ಯೋಜನೆ ಮುಗಿದ ದಿನ ಪಗಾರವೂ ಮುಗಿಯುತ್ತದೆ, ಆದರೂ ಬದುಕಬಹುದು. ಹುಡುಗಿ ತಲೆಯಾಡಿಸಿ ಕೂತಳು.

ಸಂಜೆ ಐರಣಿಗೆ ಬಂದು ಊಟಕ್ಕೆ ಕೂತಾಗ ಕಾಕಾನಿಗೆ ಇದನ್ನು ಹೇಳಿದೆ. ಕಾಕಾ ನಗಲಿಲ್ಲ. ರೊಟ್ಟಿ ಮುರಿಯುತ್ತಲೇ ಅಂದ: "ಆ ಹುಡುಗಿ ಅರ್ಧಾ ಕೇಳ್ಯಾಳ. ಹಕ್ಕಿ ನೋಡಿದ್ರ ನಿನಗ ಪಗಾರ. ಚಿಗರಿ ಮೇದ್ರ ನನಗ ದಂಡ. ಇಬ್ರೂ ಒಂದ ಮನ್ಯಾಗ ಉಣ್ತೇವಿ. ಇದು ಹ್ಯಾಂಗ ನ್ಯಾಯ ಆತು, ಅದನ್ನ ಹೇಳು."

ಆವತ್ತು ಮಾತು ಬೇರೆ ಕಡೆ ತಿರುಗಿತು. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಒಬ್ಬನ ಸಂತೋಷದ ಖರ್ಚನ್ನು ಇನ್ನೊಬ್ಬ ಭರಿಸುತ್ತಿರುವಾಗ, ಆ ಸಂತೋಷವನ್ನು ಒಳ್ಳೆಯತನ ಎಂದು ಕರೆಯಬಹುದೇ?

*

ಐರಣಿ ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಊರು. ಹಾಳು ಬಿದ್ದ ಕೋಟೆ ಇದೆ, ಹೊಳೆಮಠ ಇದೆ. ಹೊಳೆಯ ಮಗ್ಗುಲಲ್ಲಿ ಹಸಿರು. ಹೊಳೆಗೆ ಬೆನ್ನು ಮಾಡಿ ನಡೆದರೆ ಮಳೆಯನ್ನೇ ನಂಬಿದ ಹೊಲಗಳು, ಕುರಿ ಮೇಯುವ ದಿನ್ನೆಗಳು. ಹೊರಗಿನಿಂದ ಬಂದವರಿಗೆ ಆ ಬಯಲಿನಲ್ಲಿ ನೋಡುವಂಥದ್ದೇನೂ ಕಾಣುವುದಿಲ್ಲ. ನಾನು ಹಕ್ಕಿ ನೋಡುವುದನ್ನು ಕಲಿತದ್ದು ಅಲ್ಲಿಯೇ.

1974ರಲ್ಲಿ ರಾಣೆಬೆನ್ನೂರಿನ ಬಳಿ 119 ಚದರ ಕಿಲೋಮೀಟರು ಜಾಗವನ್ನು ಕೃಷ್ಣಮೃಗಗಳಿಗೆಂದು ವನ್ಯಜೀವಿ ಧಾಮ ಮಾಡಿದರು. ಪುಸ್ತಕದವರು ಕೃಷ್ಣಮೃಗ ಎನ್ನುವುದನ್ನು ನಾವು ಚಿಗರಿ ಎನ್ನುತ್ತೇವೆ. ಆ ಕಾಲದಲ್ಲಿ ಅಲ್ಲಿ ಇನ್ನೊಂದು ಜೀವಿಯೂ ಇತ್ತು: ಎರೆಭೂತ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಎರೆ ನೆಲದ ಹಕ್ಕಿಯಾದ್ದರಿಂದ ಆ ಹೆಸರು. ಸುಮಾರು ಒಂದು ಮೀಟರು ಎತ್ತರ. ಗಂಡು ಹದಿನೈದು ಕಿಲೋ ತನಕ ತೂಗುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲೇ ಕೆಲವು. ಬಯಲಲ್ಲಿ ನಿಂತು ಸುತ್ತ ದೂರದವರೆಗೆ ಕಣ್ಣು ಹಾಯಿಸುವುದೇ ಅದರ ಬದುಕಿನ ಭದ್ರತೆ. ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ.

ನಾನು ಎರೆಭೂತವನ್ನು ರಾಣೆಬೆನ್ನೂರಿನಲ್ಲಿ ಕಂಡಿಲ್ಲ. ನನ್ನ ವಯಸ್ಸಿನವರು ಯಾರೂ ಕಂಡಿದ್ದು ನನಗೆ ಗೊತ್ತಿಲ್ಲ. ಇವತ್ತು ಕರ್ನಾಟಕದಲ್ಲಿ ಅದರ ಸುದ್ದಿ ಬರುವುದು ಬಳ್ಳಾರಿ ಜಿಲ್ಲೆಯ ಸಿರಗುಪ್ಪದ ಎರೆಹೊಲಗಳಿಂದ ಮಾತ್ರ, ಅದೂ ಕೈಬೆರಳಲ್ಲಿ ಎಣಿಸುವಷ್ಟು. ಇಡೀ ದೇಶದಲ್ಲಿ ಉಳಿದಿರುವುದು ನೂರೈವತ್ತಕ್ಕಿಂತ ಕಡಿಮೆ ಎನ್ನುತ್ತಾರೆ. ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಕಡೆ ಇವೆ.

ಬೇಟೆ ಈ ಹಕ್ಕಿಯನ್ನು ಬಹಳ ಕಡೆ ಮುಗಿಸಿದೆ. ಆದರೆ ನಮ್ಮ ಧಾಮದ ಕತೆಯಲ್ಲಿ ಇನ್ನೊಂದು ಎಳೆ ಇದೆ. ಅದರಲ್ಲಿ ಯಾರ ಕೈಯಲ್ಲೂ ಬಂದೂಕಿಲ್ಲ, ಇರುವುದು ಸಸಿ. ಬೋಳು ಬಿದ್ದ ನೆಲವನ್ನು ಹಸಿರು ಮಾಡಬೇಕೆಂದು ನೀಲಗಿರಿ ನೆಟ್ಟರು. ಗಿಡ ಎಳೆಯದಿದ್ದಾಗ ದನಕುರಿ ಬರದಂತೆ ಕಾವಲಿತ್ತು, ಹುಲ್ಲು ಬೆಳೆಯಿತು, ಚಿಗರಿಗಳು ಹೆಚ್ಚಿದವು. ಗಿಡ ಮರವಾಗುತ್ತಾ ಹೋದಂತೆ ಬಯಲು ಮುಚ್ಚಿತು. ದೂರ ಕಾಣದ ಜಾಗದಲ್ಲಿ ಎರೆಭೂತ ಬದುಕಲಾರದು. ಈ ನೆಡುತೋಪುಗಳು ರಾಣೆಬೆನ್ನೂರಿನ ಧಾಮಕ್ಕೆ ಏನು ಮಾಡಿದವೆಂದು 1980ರ ಹೊತ್ತಿಗೇ ಬರೆದವರು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು. ಮುಂದೆ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಾಂತರ ಮರ ನೆಡಿಸಿ ಹೆಸರಾದವರು ಅವರೇ. ಮರವನ್ನು ಅಷ್ಟು ಪ್ರೀತಿಸಿದವರೇ, ಎಲ್ಲಿ ಮರ ಬೇಡ ಎಂಬುದನ್ನೂ ಗಮನಿಸಿದ್ದರು ಎಂಬುದು ನನಗೆ ದೊಡ್ಡ ಮಾತಾಗಿ ಕಾಣುತ್ತದೆ.

ಇಲ್ಲಿ ಯಾರನ್ನು ತಪ್ಪಿತಸ್ಥ ಎನ್ನುವುದು? ಸಸಿ ನೆಟ್ಟ ಕೂಲಿಯವರನ್ನಂತೂ ಅಲ್ಲ. ಬೋಳು ನೆಲ ಕಂಡು ಮರುಗಿದ ಅಧಿಕಾರಿಯನ್ನೂ ಸುಲಭವಾಗಿ ಬೈಯಲಾಗದು. ತಪ್ಪು ಅದಕ್ಕೂ ಮೊದಲೇ, ನೆಲಕ್ಕೆ ಹೆಸರಿಡುವಾಗಲೇ ಆಗಿಹೋಗಿತ್ತು. ಕಂದಾಯ ದಫ್ತರದಲ್ಲಿ ಆ ನೆಲ ಬೀಳು, ಬಂಜರು, ಖರಾಬು. ದೇಶದ ಮಟ್ಟದಲ್ಲಿ ತಯಾರಾಗುವ ಬಂಜರು ಭೂಮಿಯ ನಕಾಶೆಯಲ್ಲೂ ಕುರುಚಲು, ಹುಲ್ಲುನೆಲಗಳು ಸೇರಿಕೊಂಡಿವೆ. ಬಂಜರು ಎಂದಮೇಲೆ ಅಲ್ಲಿ ಏನಿತ್ತು ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಖಾಲಿ ಪಾತ್ರೆಗೆ ಏನು ಹಾಕಿದರೂ ಲಾಭವೇ ತಾನೇ?

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ನಮಗೆ ದೂರವಲ್ಲ. ಕನಕದಾಸರ ಹೆಸರಿನ ಜೊತೆ ಬೆಸೆದುಕೊಂಡ ಊರು. ಅವರ ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹತ್ತುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಕೊನೆಗೆ ಗಟ್ಟಿಯಾಗಿ ಉಳಿಯುವುದು ರಾಗಿ. ಶಾಲೆಯಲ್ಲಿ ಇದನ್ನು ಮನುಷ್ಯರ ಮೇಲು ಕೀಳಿನ ಕತೆಯಾಗಿ ಓದಿದೆವು, ಅದು ಸರಿಯೇ. ಈಗ ಅನ್ನಿಸುತ್ತದೆ, ನಮ್ಮ ಮನಸ್ಸಿನಲ್ಲಿ ನೆಲಗಳಿಗೂ ಇಂಥದೇ ಪಂಕ್ತಿ ಇದೆ. ಮಲೆನಾಡಿನ ಕಾಡು ಭತ್ತ. ನಮ್ಮ ಬಯಲು ರಾಗಿ. ಹಕ್ಕಿಗಳಿಗೂ ಹಾಗೆಯೇ. 2006ರಲ್ಲಿ ಬಂಕಾಪುರದ ಕೋಟೆಯಲ್ಲಿ ನವಿಲುಧಾಮವಾಯಿತು, ಸಂತೋಷ. ನವಿಲಿಗೆ ಮರುಗಲು ಯಾರಿಗೂ ಕಲಿಸಬೇಕಿಲ್ಲ. ಸಲೀಂ ಅಲಿಯವರು ರಾಷ್ಟ್ರಪಕ್ಷಿಯ ಸ್ಥಾನಕ್ಕೆ ಸೂಚಿಸಿದ್ದು ಮಣ್ಣಿನ ಬಣ್ಣದ ಈ ಎರೆಭೂತವನ್ನು. ಆರಿಸಿಕೊಂಡದ್ದು ನವಿಲನ್ನು.

*

ಇಷ್ಟರವರೆಗೆ ತಪ್ಪು ಬೇರೆಯವರದು. ಈಗ ನನ್ನದು.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ಬಿಸಿಲಿನಲ್ಲಿ, ಕುರಿ ಕಾಯುವ ಒಬ್ಬ ಅಜ್ಜ ನನಗೆ ಹಳದಿ ಟಿಟ್ಟಿಭದ ಗೂಡು ತೋರಿಸಿದ. ಗೂಡು ಅಂದರೆ ಗೂಡಲ್ಲ. ಕಲ್ಲು ನೆಲದಲ್ಲಿ ಅಂಗೈ ಅಗಲದ ತಗ್ಗು, ಅದರಲ್ಲಿ ಮಣ್ಣಿನದೇ ಬಣ್ಣದ ನಾಲ್ಕು ತತ್ತಿ. ಎರಡು ಹೆಜ್ಜೆ ದೂರದಲ್ಲಿ ನಿಂತರೂ ಕಾಣುತ್ತಿರಲಿಲ್ಲ. ಅಜ್ಜ ಕೋಲಿನಿಂದ ತೋರಿಸಿ, "ನೋಡಿದ್ಯಲ್ಲ, ಇನ್ನ ನಡಿ" ಅಂದ. ನಾನು ನಡೆಯಲಿಲ್ಲ. ಫೋಟೋ ತೆಗೆದೆ. ರಾತ್ರಿ ಹಕ್ಕಿ ನೋಡುವ ಗೆಳೆಯರ ಗುಂಪಿಗೆ ಹಾಕಿದೆ. ಎಲ್ಲಿ ಎಂದು ಕೇಳಿದವರಿಗೆ ಜಾಗ ಹೇಳಿದೆ. ನನ್ನ ಹೆಸರಿನ ಮುಂದೆ ಮೆಚ್ಚುಗೆ ಬಿದ್ದಿತು. ಸುಳ್ಳೇಕೆ, ಖುಷಿಯಾಯಿತು.

ಮುಂದಿನ ಭಾನುವಾರ ಎರಡು ಕಾರು ಬಂದವು. ಬಂದವರು ಕೆಟ್ಟವರಲ್ಲ. ಯಾರೂ ತತ್ತಿ ಮುಟ್ಟಲಿಲ್ಲ, ಗಲಾಟೆ ಮಾಡಲಿಲ್ಲ. ತಾಯಿಹಕ್ಕಿ ಬಂದು ಕೂರುವ ಚಿತ್ರ ಬೇಕೆಂದು ಸ್ವಲ್ಪ ದೂರದಲ್ಲಿ ಕ್ಯಾಮೆರಾ ಹೂಡಿ ಹತ್ತರಿಂದ ಮಧ್ಯಾಹ್ನದವರೆಗೆ ಕಾದರು. ನಾನೂ ಜೊತೆಗಿದ್ದೆ. ಹಕ್ಕಿಗಳೆರಡೂ ಸುತ್ತ ಕೂಗುತ್ತಾ ಓಡಾಡಿದವು, ಬಂದು ಕೂರಲಿಲ್ಲ.

ನಮ್ಮ ಬೇಸಿಗೆಯಲ್ಲಿ ಟಿಟ್ಟಿಭ ತತ್ತಿಯ ಮೇಲೆ ಕೂರುವುದು ಕಾವು ಕೊಡಲಿಕ್ಕಷ್ಟೇ ಅಲ್ಲ, ಕಾವು ತಪ್ಪಿಸಲಿಕ್ಕೂ ಹೌದು. ಮೈಯ ನೆರಳು ಮಾಡುತ್ತದೆ. ನೀರಿರುವ ಕಡೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ತತ್ತಿಗೆ ತಂಪು ತಾಗಿಸುತ್ತದೆ. ಇದನ್ನೆಲ್ಲ ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆ ಮೂರು ತಾಸು ನೆನಪಾಗಲಿಲ್ಲ.

ದಿನ ಕಳೆದವು, ತತ್ತಿಗಳು ಒಡೆಯಲಿಲ್ಲ. ಹಕ್ಕಿಗಳು ಜಾಗ ಬಿಟ್ಟವು. ನಮ್ಮಿಂದಲೇ ಹೀಗಾಯಿತು ಎಂದು ನಾನು ಸಾಬೀತು ಮಾಡಲಾರೆ. ಅಲ್ಲ ಎಂದು ನನ್ನನ್ನು ನಾನು ನಂಬಿಸಲೂ ಆರೆ. ಅಜ್ಜನಿಗೆ ಹೇಳಿದಾಗ ಅವನು ಬೈಯಲಿಲ್ಲ. "ನಿನಗ ತೋರಿಸಿದ್ದು ನಂದ ತಪ್ಪು" ಅಂದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಪಂಚತಂತ್ರದಲ್ಲಿ ತನ್ನ ಮೊಟ್ಟೆ ಒಯ್ದ ಸಮುದ್ರದ ಮೇಲೆ ಟಿಟ್ಟಿಭ ಹಗೆ ಸಾಧಿಸುತ್ತದೆ. ಆ ಕತೆಯಲ್ಲಿ ಹಕ್ಕಿಯ ಶತ್ರು ಯಾರೆಂದು ಸ್ಪಷ್ಟವಿದೆ. ನಮ್ಮ ಕತೆಯಲ್ಲಿ ಮೊಟ್ಟೆ ಒಯ್ದವನು ಹಕ್ಕಿಯನ್ನು ಮೆಚ್ಚಿ ಬಂದವನು. ಅವನ ಮೇಲೆ ಹಗೆ ಸಾಧಿಸುವುದಾದರೂ ಹೇಗೆ?

ಇದಾದ ಮೇಲೆ ಕಂಡ ಇನ್ನೊಂದು ದೃಶ್ಯವನ್ನು ಹೇಳದೆ ಮುಂದೆ ಹೋಗಬಾರದು. ಮಳೆಗೆ ಮೊದಲು ಕಾಕಾ ಹೊಲ ಹರಗಿಸುತ್ತಿದ್ದ. ಬಾಡಿಗೆ ಟ್ರ್ಯಾಕ್ಟರ್, ತಾಸಿನ ಲೆಕ್ಕ. ಒಂದು ಕಡೆ ಟಿಟ್ಟಿಭ ಎದ್ದು ಕೂಗಿತು. ಕಾಕಾ ಕೈ ಎತ್ತಿ, "ತತ್ತಿ ಅದಾವ, ಸುತ್ತು ಹಾಕ್ಕೊಂಡು ಹೊಡಿ" ಅಂದ. ಡ್ರೈವರ್ ಸುತ್ತು ಹಾಕಿದ. ಮಂಚದಗಲದ ಒಂದು ತುಂಡು ನೆಲ ಹಾಗೇ ಉಳಿಯಿತು. ಕಾಕಾ ಅದನ್ನು ಯಾರಿಗೂ ಹೇಳಲಿಲ್ಲ, ಫೋಟೋ ತೆಗೆಯಲಿಲ್ಲ. ಸಂರಕ್ಷಣೆ ಎಂಬ ಶಬ್ದವನ್ನು ಅವನು ಬಳಸಿದ್ದನ್ನು ನಾನು ಕೇಳಿಯೇ ಇಲ್ಲ. ಅದೇ ಕಾಕಾ ಮುಂದಿನ ತಿಂಗಳು ಚಿಗರಿಗಳಿಗೆ ಬಾಯಿಗೆ ಬಂದದ್ದು ಬೈದ.

*

ಬೈಯುವುದಕ್ಕೆ ಕಾರಣವಿದೆ. ಧಾಮದ ಗಡಿ ನಕಾಶೆಯಲ್ಲಿದೆ, ಚಿಗರಿಯ ತಲೆಯಲ್ಲಿಲ್ಲ. ಹಾವೇರಿ ಜಿಲ್ಲೆಯ ಬಹಳಷ್ಟು ಕಡೆ ಈಗ ಗೋವಿನಜೋಳ. ಬಿತ್ತಿ ಹತ್ತು ಹದಿನೈದು ದಿನಕ್ಕೆ ಎಳೆಯ ಸುಳಿ ಎದ್ದಾಗ ಹಿಂಡು ಬರುತ್ತದೆ. ಬೆಳಗಾಗುವುದರೊಳಗೆ ಸಾಲುಗಳು ಮೊಟಕಾಗಿರುತ್ತವೆ. ಮತ್ತೆ ಬೀಜ, ಮತ್ತೆ ಗೊಬ್ಬರ, ಮತ್ತೆ ಕೂಲಿ. ಅಷ್ಟರಲ್ಲಿ ಹದ ಹೋಗಿರುತ್ತದೆ. ಪರಿಹಾರಕ್ಕೆ ಅರ್ಜಿ ಕೊಡಬಹುದು. ಅರ್ಜಿಗೆ ಉತಾರ, ಫೋಟೋ, ಪಂಚನಾಮೆ ಎಂದು ಓಡಾಡಿದ ದಿನಗಳ ಲೆಕ್ಕ ಯಾವ ಅರ್ಜಿಯಲ್ಲೂ ಇರುವುದಿಲ್ಲ.

ಕಾಕಾನ ಪ್ರಶ್ನೆಗೆ ನಾನು ಮೊದಲು ಹುಡುಕಿದ ಉತ್ತರ ಉಪಯೋಗದ್ದು. ಹಕ್ಕಿಗಳು ಕೀಟ ತಿನ್ನುತ್ತವೆ, ಪ್ರವಾಸಿಗರು ಬರುತ್ತಾರೆ, ಊರಿಗೆ ಹೆಸರು ಬರುತ್ತದೆ. ಇವೆಲ್ಲ ನಿಜವೇ. ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಒಂದು ಹಳ್ಳಿಯ ಕೆರೆಯ ಹೆಸರು ಜಗತ್ತಿಗೆ ಗೊತ್ತಾಯಿತು. ಆದರೆ ಆ ಹೆಬ್ಬಾತುಗಳು ಮೇಯುವುದು ಸುತ್ತಲ ರೈತರ ಹೊಲಗಳಲ್ಲಿ. ಹೆಸರು ಕೆರೆಗೆ ಬಂತು, ಮೇವು ಹೊಲದಿಂದ ಹೋಯಿತು. ಅಲ್ಲದೆ ಉಪಯೋಗದ ವಾದಕ್ಕೆ ಒಂದು ಅಪಾಯವಿದೆ. ಹಕ್ಕಿ ತನ್ನ ಬಾಡಿಗೆ ತಾನೇ ದುಡಿಯಬೇಕು ಎಂದು ಒಪ್ಪಿದರೆ, ದುಡಿಯಲಾರದ ಹಕ್ಕಿಯನ್ನು ಹೊರಗೆ ಹಾಕುವುದನ್ನೂ ಒಪ್ಪಿದ ಹಾಗೆ. ಎರೆಭೂತ ಯಾರಿಗೆ ಏನು ದುಡಿದು ಕೊಟ್ಟೀತು?

ಎರಡನೆಯ ಉತ್ತರ ಹಕ್ಕಿನದು. ಬದುಕುವ ಹಕ್ಕು ಅವಕ್ಕೂ ಇದೆ, ಅದಕ್ಕೆ ಬೆಲೆ ಕಟ್ಟಬಾರದು. ಇದು ಮೇಲಿನ ಮಾತು, ನಾನು ನಂಬುವ ಮಾತು. ಆದರೆ ಬೆಲೆ ಕಟ್ಟಬಾರದು ಎಂದು ನಾನು ಹೇಳುವ ಹೊತ್ತಿಗೆ ಬೆಲೆಯನ್ನು ಕಾಕಾ ತೆತ್ತಾಗಿರುತ್ತದೆ. ತನ್ನ ಕಿಸೆಯಿಂದ ಕಾಸೂ ಹೋಗದವನ ಬಾಯಲ್ಲಿ ಈ ಮಾತು ತೀರಾ ಸಲೀಸು. ಹಾಗೆ ನೋಡಿದರೆ ನನ್ನ ಪಕ್ಷಿಪ್ರೇಮ ಗುಣವಲ್ಲ, ರುಚಿ. ಒಬ್ಬನಿಗೆ ಸಂಗೀತ ಹಿಡಿಸುತ್ತದೆ, ನನಗೆ ಹಕ್ಕಿ ಹಿಡಿಸುತ್ತದೆ. ನನ್ನ ರುಚಿಗೆ ಇನ್ನೊಬ್ಬ ಬಿತ್ತಿದ್ದನ್ನು ಬಿಟ್ಟುಕೊಡಬೇಕು ಎನ್ನಲು ನನಗೇನು ಅಧಿಕಾರ?

ಹಾಗಂತ ಕಾಕಾನ ಕಡೆ ಪೂರ್ತಿ ವಾಲಿಬಿಡಲೂ ಆಗುವುದಿಲ್ಲ. ನಮ್ಮ ಹೊಲದ ಮೇಲಿನ ಅಂಚು ಅಜ್ಜನ ಕಾಲದಲ್ಲಿ ಹೊಲವಾಗಿರಲಿಲ್ಲ, ದನ ಮೇಯುವ ಗಾಯರಾಣವಾಗಿತ್ತು. ವರ್ಷಕ್ಕೆರಡು ಸಾಲು ಒತ್ತುತ್ತಾ ಒತ್ತುತ್ತಾ ನಮ್ಮದಾಯಿತು. ಊರಲ್ಲಿ ಹಾಗೆ ಮಾಡದವರು ಕಡಿಮೆ. ಚಿಗರಿ ನಮ್ಮ ಹೊಲಕ್ಕೆ ಬಂದಿತು ಎನ್ನುತ್ತೇವೆ; ಹೊಲ ಚಿಗರಿಯ ಬಯಲಿಗೆ ಹೋದದ್ದನ್ನು ಯಾರೂ ಹೇಳುವುದಿಲ್ಲ. ಇನ್ನೂ ಒಂದು ಮಾತಿದೆ, ಬರೆಯಲು ನಾಚಿಕೆಯಾಗುವಂಥದ್ದು. ಆ ಅಂಚಿನಲ್ಲಿ ಬೆಳೆದ ಗೋವಿನಜೋಳ ಮಾರಿಯೇ ಧಾರವಾಡದಲ್ಲಿ ನನ್ನ ಎಂ.ಎಸ್ಸಿ. ಫೀ ಕಟ್ಟಿದ್ದು. ಹುಲ್ಲುಗಾವಲು ಯಾಕೆ ಉಳಿಯಬೇಕು ಎಂಬುದನ್ನು ನಾನು ಕಲಿತದ್ದು ಹುಲ್ಲುಗಾವಲನ್ನು ಹರಗಿದ ದುಡ್ಡಿನಿಂದ.

ಇದು ತಿಳಿದ ಮೇಲೆ ಶುದ್ಧವಾದ ಜಾಗವೊಂದನ್ನು ಹುಡುಕಿ ಅಲ್ಲಿ ನಿಂತು ತೀರ್ಪು ಕೊಡುವ ಆಸೆ ಬಿಟ್ಟೆ. ದೊಡ್ಡ ಮಟ್ಟದಲ್ಲೂ ಹಾಗೆಯೇ. ಎರೆಭೂತದ ಕಣ್ಣುಗಳು ತಲೆಯ ಬದಿಗಿವೆ. ಎದುರಿನ ತಂತಿ ಬೇಗ ಕಾಣದು, ಭಾರದ ಮೈ ತಟ್ಟನೆ ತಿರುಗದು. ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟು ಹಕ್ಕಿ ಇರುವ ಪ್ರದೇಶಗಳಲ್ಲಿ ತಂತಿಗಳನ್ನು ನೆಲದಡಿ ಹಾಕಬೇಕೆಂದಿತು. 2024ರಲ್ಲಿ ಅದೇ ಕೋರ್ಟು ಆ ಆದೇಶವನ್ನು ಸಡಿಲಿಸಿ, ದಾರಿ ಹುಡುಕಲು ತಜ್ಞರ ಸಮಿತಿ ಮಾಡಿತು. ಆ ತಂತಿಗಳಲ್ಲಿ ಹರಿಯುವುದರಲ್ಲಿ ಬಿಸಿಲಿನ, ಗಾಳಿಯ ವಿದ್ಯುತ್ತೂ ಇದೆ; ಕಲ್ಲಿದ್ದಲು ಸುಡದ ವಿದ್ಯುತ್ತು, ಅದೂ ಭೂಮಿಯ ಒಳ್ಳೆಯದಕ್ಕೇ. ಇಲ್ಲೂ ಒಂದು ಕಡೆ ಒಳ್ಳೆಯದು, ಇನ್ನೊಂದು ಕಡೆಯೂ ಒಳ್ಳೆಯದು. ನಡುವೆ ತಂತಿಗೆ ಬಡಿಯುವುದು ಹಕ್ಕಿ. ನೀಲಗಿರಿಯ ಕತೆಯೇ ಮತ್ತೆ.

*

ಹಾಗಾದರೆ ಏನು ಮಾಡುವುದು? ನನಗೆ ಸಿಕ್ಕಿದ್ದು ಸಿದ್ಧಾಂತವಲ್ಲ, ಒಂದು ಶಬ್ದ: ಋಣ.

ಒಂದು ಹಕ್ಕಿಯನ್ನು ನೋಡುವಾಗ ನಾನು ಮೂರು ಕಡೆಯಿಂದ ಸಾಲ ಪಡೆದಿರುತ್ತೇನೆ. ಒಂದು, ಹಕ್ಕಿಯಿಂದ: ಅದು ನನಗಾಗಿ ಹೆದರುತ್ತದೆ, ಏಳುತ್ತದೆ, ಗೂಡು ಬಿಡುತ್ತದೆ. ಎರಡು, ಜಾಗ ತೋರಿಸಿದವನಿಂದ: ಆ ಅಜ್ಜ ಎಷ್ಟೋ ವರ್ಷ ನಡೆದು ಕಂಡುಕೊಂಡದ್ದನ್ನು ಕೋಲೆತ್ತಿ ಒಂದು ಗಳಿಗೆಯಲ್ಲಿ ಕೊಟ್ಟ. ಮೂರು, ಆ ಜೀವಿಗಳಿಗೆ ಮೇವಿಟ್ಟವನಿಂದ, ಇಟ್ಟದ್ದು ಮನಸ್ಸಿಲ್ಲದೆಯೇ ಆಗಿರಬಹುದು. ಪ್ರೀತಿ ಇರುವುದರಿಂದ ಸಾಲ ತೀರುವುದಿಲ್ಲ, ಸಾಲ ಇದೆ ಎಂದು ಗೊತ್ತಾಗುತ್ತದೆ, ಅಷ್ಟೇ. ತೀರಿಸುವುದು ಬೇರೆಯೇ ಕೆಲಸ.

ಮೊದಲ ಸಾಲಕ್ಕೆ ನಾನು ಈಗ ಕಟ್ಟುವುದು ಸುಮ್ಮನಿರುವಿಕೆಯನ್ನು. ಗೂಡಿನ ಜಾಗ ಯಾರಿಗೂ ಹೇಳುವುದಿಲ್ಲ, ಗೆಳೆಯರಿಗೂ. ಹಕ್ಕಿಗಳ ದಾಖಲೆ ಇಡುವ ಇ-ಬರ್ಡ್ ಕೂಡ ಎರೆಭೂತದಂಥ ಹಕ್ಕಿ ಕಂಡ ಜಾಗವನ್ನು ಎಲ್ಲರಿಗೂ ತೋರಿಸುವುದಿಲ್ಲ. ಜ್ಞಾನವನ್ನು ಹಂಚಬೇಕು ಎಂದು ಕಲಿತವನಿಗೆ ಇದು ಕಷ್ಟ. ಆದರೆ ಕಂಡದ್ದನ್ನೆಲ್ಲ ಹೇಳುವುದು ಪ್ರಾಮಾಣಿಕತೆಯೆಂದೂ, ಹೇಳದೆ ಇರುವುದು ಬಚ್ಚಿಡುವುದೆಂದೂ ಯಾವಾಗಲೂ ಆಗುವುದಿಲ್ಲ. "ನೋಡಿದ್ಯಲ್ಲ, ಇನ್ನ ನಡಿ" ಎಂಬುದರಲ್ಲಿ ನಾನು ಓದಿದ ಕ್ಷೇತ್ರ ನಿಯಮಗಳೆಲ್ಲ ಇದ್ದವು.

ಎರಡನೆಯದಕ್ಕೆ, ನನ್ನ ಬರಹಗಳಲ್ಲಿ ಆ ಅಜ್ಜನಂಥವರನ್ನು 'ಸ್ಥಳೀಯರ ಪ್ರಕಾರ' ಎಂದು ಒಂದೇ ಸಾಲಿನಲ್ಲಿ ಮುಗಿಸುವುದನ್ನು ಬಿಟ್ಟಿದ್ದೇನೆ. ಯಾರಿಂದ ಏನು ಕಲಿತೆ ಎಂದು, ಅವರು ಒಪ್ಪಿದರೆ, ಬರೆಯುತ್ತೇನೆ.

ಮೂರನೆಯದು ತೀರುವಂಥದ್ದಲ್ಲ. ಮುಂಗಾರಿನಲ್ಲಿ ಸುಳಿ ಏಳುವ ಆ ಎರಡು ವಾರ ರಜೆ ಹಾಕಿ ಬಂದು ಕಾಕಾನ ಜೊತೆ ಹೊಲ ಕಾಯುತ್ತೇನೆ. ನಸುಕಿನಲ್ಲಿ ತಟ್ಟೆ ಬಡಿದು ಚಿಗರಿ ಓಡಿಸುವ ವನ್ಯಜೀವಿ ಸಂಶೋಧಕ ಎಂದು ಗೆಳೆಯರು ನಗುತ್ತಾರೆ. ನಗಲಿ. ಊರವರ ಪರಿಹಾರದ ಅರ್ಜಿಗಳನ್ನು ಬರೆದುಕೊಡುತ್ತೇನೆ. ನನ್ನ ಓದು ಆ ಫಾರಂ ತುಂಬಲು ಉಪಯೋಗವಾದಷ್ಟು ಬೇರೆಲ್ಲೂ ಆಗಿಲ್ಲವೇನೋ. ಇದರಿಂದ ನ್ಯಾಯ ಆಯಿತು ಎಂದು ನಾನು ಹೇಳುವುದಿಲ್ಲ. ಚಿಗರಿ ಬದುಕಬೇಕು ಎಂದು ಇಡೀ ನಾಡು ಬಯಸುವುದಾದರೆ ಖರ್ಚನ್ನೂ ಇಡೀ ನಾಡು ಹಂಚಿಕೊಳ್ಳಬೇಕು. ಬೇಲಿಯ ಅಂಚಿನಲ್ಲಿ ಹೊಲವಿದ್ದದ್ದೇ ಒಬ್ಬನ ತಪ್ಪಾಗಬಾರದು. ಅದು ಆಗುವ ತನಕ, ಪಾಲು ಕೊಡಬಲ್ಲವನು ತನ್ನ ಪಾಲು ಕೊಡಬೇಕು.

ಹೋದ ಮುಂಗಾರಿನಲ್ಲಿ ಒಂದು ನಸುಕು ನಾವಿಬ್ಬರೂ ಬದುವಿನ ಮೇಲೆ ಕೂತಿದ್ದೆವು. ದೂರದಲ್ಲಿ ಹಿಂಡು ಎದ್ದಿತು. ಮುಂದೆ ಕರಿಯ ಗಂಡು, ಹಿಂದೆ ಹೆಣ್ಣುಗಳು. ಒಂದೊಂದೇ ನೆಗೆದು ನೆಗೆದು ನಮ್ಮ ಹೊಲ ದಾಟಿ ಹೋದವು. ತಟ್ಟೆ ನನ್ನ ಕೈಯಲ್ಲಿತ್ತು. ಬಡಿಯುವುದು ಮರೆತುಹೋಯಿತು. ನೋಡಿದರೆ ಕಾಕಾನೂ ಸುಮ್ಮನೆ ನೋಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ, "ಚಂದ ಅದಾವ ಹಲ್ಕಟ್ಟಗೋಳು" ಅಂದ. ಆಮೇಲೆ, "ಬಡಿ ಬಡಿ, ಹಿಂದ ಇನ್ನಷ್ಟು ಬರ್ತಾವ."

ಆ ಹುಡುಗಿ ಈಚೆಗೆ ಫೋನ್ ಮಾಡಿದ್ದಳು. ಬಿ.ಎಸ್ಸಿ. ಮುಗಿಯಿತಂತೆ, ಇದೇ ದಾರಿ ಹಿಡಿಯುವ ಮನಸ್ಸಿದೆಯಂತೆ. ಪಗಾರದ ವಿಷಯ ಅವಳಿಗೆ ಈಗ ನನಗಿಂತ ಚೆನ್ನಾಗಿ ಗೊತ್ತಿತ್ತು. ಬೇರೆ ಏನಾದರೂ ಹೇಳಿ ಸರ್ ಅಂದಳು. ನಿಮ್ಮ ಮನೆಯಲ್ಲಿ ಹೊಲ ಇದೆಯೇನಮ್ಮ ಎಂದು ಕೇಳಿದೆ. ಇದೆ, ಎರಡು ಎಕರೆ, ಹೋದ ವರ್ಷ ಎರಡು ಸಲ ಬಿತ್ತಿದೆವು ಅಂದಳು.

ಹಾಗಾದರೆ ಬಾ ಅಂದೆ.